ಶೈಕ್ಷಣಿಕ ತಂತ್ರಾಂಶದಲ್ಲಿ ಕ್ರಮಬದ್ಧ ಕಲಿಕಾ ಪಥ: ಪೋಷಕರಿಗೂ ಶಾಲಾಭಿವೃದ್ಧಿ ಸಮಿತಿಗಳಿಗೂ ಮಾಹಿತಿ

1. ಪೀಠಿಕೆ

ಒಂದು ವಿಷಯವನ್ನು ಕಲಿಯಲು ವಿದ್ಯಾರ್ಥಿಯು ದಾಟಬೇಕಾದ ಹಂತಗಳನ್ನು ಪೂರ್ವಾಪರ ಕ್ರಮದಲ್ಲಿ ಜೋಡಿಸಿ, ಪ್ರತಿ ಹಂತದ ಕೊನೆಯಲ್ಲಿ ಕಲಿಕೆಯನ್ನು ಪರಿಶೀಲಿಸಿ, ಅನಂತರವೇ ಮುಂದಿನ ಹಂತಕ್ಕೆ ಒಯ್ಯುವ ವ್ಯವಸ್ಥೆಯನ್ನು ಕಲಿಕಾ ಪಥ ಎಂದು ಕರೆಯಲಾಗುತ್ತದೆ. ಈ ವ್ಯವಸ್ಥೆಯನ್ನು ಕಾಗದದ ಕಾರ್ಡುಗಳ ಮೂಲಕವೂ ನಡೆಸಬಹುದು, ಗಣಕಯಂತ್ರ ಅಥವಾ ಮೊಬೈಲ್ ದೂರವಾಣಿಯ ತಂತ್ರಾಂಶದ ಮೂಲಕವೂ ನಡೆಸಬಹುದು.

ಮಗುವಿನ ತರಗತಿಯನ್ನು ಅದರ ವಯಸ್ಸು ನಿರ್ಧರಿಸುತ್ತದೆ. ಕಲಿಕಾ ಪಥದಲ್ಲಿ ಅದರ ಸ್ಥಾನವನ್ನು ನಿರ್ಧರಿಸುವುದು ಅದಕ್ಕೆ ಈಗಾಗಲೇ ತಿಳಿದಿರುವ ವಿಷಯ. ಈ ಎರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ. ವರ್ಷದ ನಡುವೆ ಊರು ಬದಲಿಸಿದ, ದೀರ್ಘಕಾಲ ಶಾಲೆಗೆ ಗೈರುಹಾಜರಾದ ಅಥವಾ ಮನೆಮಾತು ಬೇರೆಯಾಗಿರುವ ಮಗುವಿನ ವಿಷಯದಲ್ಲಿ ಇವುಗಳ ನಡುವಿನ ಅಂತರವು ಎರಡು ಮೂರು ವರ್ಷಗಳಷ್ಟಿರುವುದೂ ಉಂಟು. ಅಂತಹ ಮಗುವನ್ನು ತರಗತಿಯಿಂದ ಕೆಳಗಿಳಿಸದೆ, ತಿಳಿಯದ ಪಾಠದ ಮುಂದೆ ಸುಮ್ಮನೆ ಕೂರಿಸದೆ, ನಿಂತಲ್ಲಿಂದ ಮುಂದಕ್ಕೆ ಕರೆದೊಯ್ಯುವುದೇ ಕಲಿಕಾ ಪಥದ ಉದ್ದೇಶ.

ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊಂದಿಕೊಂಡಿರುವ ಲಿಂಗರಾಜಪುರ ಹಾಗೂ ನೆರೆಯ ಕಮ್ಮನಹಳ್ಳಿ, ಕಾಚರಕನಹಳ್ಳಿ, ಕಾಕ್ಸ್ ಟೌನ್ ಬಡಾವಣೆಗಳ ಪೋಷಕರನ್ನು ಮುಖ್ಯವಾಗಿ ಗಮನದಲ್ಲಿರಿಸಿ ಈ ಮಾಹಿತಿಯನ್ನು ನೀಡಲಾಗಿದೆ. ರಾಜ್ಯದ ಇತರ ಭಾಗಗಳ ಪೋಷಕರಿಗೂ ಇದು ಉಪಯುಕ್ತವಾಗಿರುತ್ತದೆ.

2. ಹಿನ್ನೆಲೆ

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಕಲಿಕಾ ಪಥದ ಕಲ್ಪನೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನೊಂದಿಗೆ ನಲಿ-ಕಲಿ ಪದ್ಧತಿಯು ಆರಂಭಗೊಂಡಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಬಹುತರಗತಿ ಬೋಧನೆಯು ಇದಕ್ಕೆ ಪ್ರೇರಣೆಯಾಗಿತ್ತು. 2009-10ನೇ ಸಾಲಿನಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಈ ಪದ್ಧತಿಯನ್ನು ವಿಸ್ತರಿಸಲಾಯಿತು. ತರುವಾಯ 3ನೇ ತರಗತಿಯನ್ನೂ ಸೇರಿಸಲಾಯಿತು.

ನಲಿ-ಕಲಿಯಲ್ಲಿ ಪಠ್ಯವಸ್ತುವನ್ನು ಮೈಲಿಗಲ್ಲುಗಳಾಗಿಯೂ ಪ್ರತಿ ಮೈಲಿಗಲ್ಲನ್ನು ಹಲವು ಮೆಟ್ಟಿಲುಗಳಾಗಿಯೂ ವಿಂಗಡಿಸಿ, ಕಲಿಕಾ ಏಣಿಯ ರೂಪದಲ್ಲಿ ಗೋಡೆಗೆ ತೂಗುಹಾಕಲಾಗುತ್ತದೆ. ಪ್ರತಿ ಮೆಟ್ಟಿಲಿಗೂ ಚಿಹ್ನೆಯುಳ್ಳ ಒಂದು ಕಾರ್ಡು ಇರುತ್ತದೆ. ಮಗುವು ಏಣಿಯಲ್ಲಿ ತನ್ನ ಸ್ಥಾನವನ್ನು ತಾನೇ ನೋಡಿಕೊಂಡು ಕಾರ್ಡನ್ನು ಆರಿಸಿಕೊಳ್ಳುತ್ತದೆ. ಮಕ್ಕಳು ಐದು ಗುಂಪುಗಳಲ್ಲಿ, ಅಂದರೆ ತಟ್ಟೆಗಳಲ್ಲಿ ಕುಳಿತುಕೊಳ್ಳುತ್ತಾರೆ: ಶಿಕ್ಷಕರ ಪೂರ್ಣ ನೆರವಿನ ಗುಂಪು, ಶಿಕ್ಷಕರ ಭಾಗಶಃ ನೆರವಿನ ಗುಂಪು, ಗೆಳೆಯರ ಪೂರ್ಣ ನೆರವಿನ ಗುಂಪು, ಗೆಳೆಯರ ಭಾಗಶಃ ನೆರವಿನ ಗುಂಪು ಮತ್ತು ಸ್ವಕಲಿಕೆಯ ಗುಂಪು. ಹತ್ತು ದಿನ ಜ್ವರದಿಂದ ಮಲಗಿ ಎದ್ದ ಮಗು ಮರಳಿ ಬಂದಾಗ, ತರಗತಿಯ ಇತರರು ತಲುಪಿರುವ ಮೆಟ್ಟಿಲಿಗೆ ಜಿಗಿಯುವುದಿಲ್ಲ. ಮೊದಲ ಮೆಟ್ಟಿಲಿಗೂ ಹಿಂದಿರುಗುವುದಿಲ್ಲ. ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ.

ಅಕ್ಷರ ಕಲಿಕೆಯ ಕ್ರಮವೂ ಈ ದೃಷ್ಟಿಯಿಂದಲೇ ರೂಪುಗೊಂಡಿದೆ. ವರ್ಣಮಾಲೆಯನ್ನು ಅ, ಆ, ಇ, ಈ ಎಂದು ಆರಂಭಿಸುವ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲು ಪರಿಚಯಿಸಲಾಗುತ್ತದೆ. ಈ ಐದು ಅಕ್ಷರಗಳು ಬಂದೊಡನೆ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗುವು ಸ್ವತಃ ಓದಬಲ್ಲದು. ವರ್ಣಮಾಲೆ ಪೂರ್ಣಗೊಳ್ಳುವವರೆಗೆ ಪದಕ್ಕಾಗಿ ಕಾಯಬೇಕಾಗಿಲ್ಲ. ಹಂತಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದು ಉತ್ತಮ ನಿದರ್ಶನ.

ತಂತ್ರಜ್ಞಾನದ ಬಳಕೆಯು ಮೊದಲಿಗೆ ಬೇರೊಂದು ದಾರಿಯಲ್ಲಿ ಸಾಗಿತ್ತು. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು. ಅದರಲ್ಲಿ ಒಂದೇ ಪಾಠವು ಒಂದೇ ವೇಳೆಗೆ ಎಲ್ಲ ಮಕ್ಕಳನ್ನೂ ತಲುಪುತ್ತಿತ್ತು. ಆ ದಿನ ಶಾಲೆಗೆ ಬಾರದ ಮಗುವಿಗೆ ಪಾಠವು ತಪ್ಪಿಹೋಗುತ್ತಿತ್ತು. 2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರವು ದೀಕ್ಷಾ ವೇದಿಕೆಯನ್ನು ಆರಂಭಿಸಿದ ನಂತರ, ಪಠ್ಯಪುಸ್ತಕದಲ್ಲಿ ಮುದ್ರಿಸಿದ ಕ್ಯೂಆರ್ ಸಂಕೇತದ ಮೂಲಕ ಬೇಕಾದ ಪಾಠವನ್ನು ಬೇಕಾದ ವೇಳೆಯಲ್ಲಿ ತೆರೆಯುವುದು ಸಾಧ್ಯವಾಯಿತು.

2020ರ ಮಾರ್ಚ್ ತಿಂಗಳಿನಿಂದ ಕೋವಿಡ್ ಕಾರಣ ಶಾಲೆಗಳು ದೀರ್ಘಕಾಲ ಮುಚ್ಚಿದ್ದರಿಂದ ಉಂಟಾದ ಕಲಿಕಾ ನಷ್ಟವನ್ನು ತುಂಬಲು 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಲಾಯಿತು. ತರಗತಿಯ ಪಾಠಗಳಿಗೆ ಬದಲಾಗಿ ಕಲಿಕಾ ಫಲಗಳನ್ನು ಆಧಾರವಾಗಿರಿಸಿಕೊಂಡ ಕಲಿಕಾ ಹಾಳೆಗಳನ್ನು ಮಕ್ಕಳಿಗೆ ನೀಡಲಾಯಿತು. ಮಗುವು ಯಾವ ತರಗತಿಯಲ್ಲಿದೆ ಎಂಬುದಕ್ಕಿಂತ ಅದಕ್ಕೆ ಏನು ತಿಳಿದಿದೆ ಎಂಬುದರಿಂದ ಬೋಧನೆಯು ಆರಂಭವಾಗಬೇಕೆಂಬ ಅಂಶವು ಆ ವರ್ಷ ರಾಜ್ಯದ ಎಲ್ಲ ಶಾಲೆಗಳ ಅನುಭವಕ್ಕೆ ಬಂದಿತು.

3. ಕಾನೂನಿನ ಆಧಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಕೆಳಕಂಡ ಪ್ರಕರಣಗಳು ಪೋಷಕರಿಗೆ ತಿಳಿದಿರತಕ್ಕದ್ದು.

ಅ) ಪ್ರಕರಣ 4: ಆರು ವರ್ಷ ಮೀರಿದ ಮಗು ಯಾವುದೇ ಶಾಲೆಗೆ ದಾಖಲಾಗದಿದ್ದಲ್ಲಿ, ಅಥವಾ ದಾಖಲಾಗಿದ್ದರೂ ಪ್ರಾಥಮಿಕ ಶಿಕ್ಷಣವನ್ನು ಪೂರ್ಣಗೊಳಿಸದಿದ್ದಲ್ಲಿ, ಅದನ್ನು ವಯಸ್ಸಿಗೆ ತಕ್ಕ ತರಗತಿಗೆ ದಾಖಲಿಸಿಕೊಳ್ಳಬೇಕು. ಇತರ ಮಕ್ಕಳಿಗೆ ಸರಿಸಮನಾಗಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು.

ಆ) ಪ್ರಕರಣ 5: ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶವನ್ನು ವಿಳಂಬಿಸುವಂತಿಲ್ಲ, ನಿರಾಕರಿಸುವಂತಿಲ್ಲ.

ಇ) ಪ್ರಕರಣ 14: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ.

ಈ) ಪ್ರಕರಣ 24: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಅದಕ್ಕೆ ಅನುಗುಣವಾಗಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ.

ಉ) ಪ್ರಕರಣ 29: ಬೋಧನೆಯು ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು. ಮೌಲ್ಯಮಾಪನವು ವ್ಯಾಪಕವೂ ನಿರಂತರವೂ ಆಗಿರಬೇಕು.

ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಈ ಅಧಿನಿಯಮವು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಪ್ರಮತಿ ಪ್ರಕರಣದಲ್ಲಿ ತೀರ್ಪು ನೀಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠವು, ಈ ಪ್ರಶ್ನೆಯನ್ನು ವಿಸ್ತೃತ ಪೀಠವು ಪರಿಶೀಲಿಸುವ ಬಗ್ಗೆ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಲು ಸೂಚಿಸಿದೆ. ಆದುದರಿಂದ ಅಲ್ಪಸಂಖ್ಯಾತ ಸಂಸ್ಥೆಯ ಶಾಲೆಯಲ್ಲಿ ಮಗು ಓದುತ್ತಿದ್ದಲ್ಲಿ, ಈ ಪ್ರಕರಣಗಳನ್ನು ಉಲ್ಲೇಖಿಸದೆ, ಕಲಿಕಾ ಪಥದ ಬಗ್ಗೆ ಶಾಲೆಯ ಆಡಳಿತದೊಂದಿಗೆ ನೇರವಾಗಿ ಮಾತನಾಡುವುದು ಸೂಕ್ತ.

4. ಕಲಿಕಾ ಪಥವನ್ನು ರೂಪಿಸುವ ಹಂತಗಳು

ತಂತ್ರಾಂಶವನ್ನು ತೆರೆಯುವ ಮೊದಲೇ ಕಾಗದದ ಮೇಲೆ ಪಥವನ್ನು ಬರೆದುಕೊಳ್ಳಬೇಕು. ಕ್ರಮವು ಕಾಗದದ ಮೇಲೆ ಸ್ಪಷ್ಟವಾಗಿರದಿದ್ದರೆ ಯಂತ್ರದಲ್ಲಿಯೂ ಸ್ಪಷ್ಟವಾಗುವುದಿಲ್ಲ.

ಹಂತ 1. ಗುರಿಯನ್ನು ನಿರ್ಧರಿಸುವುದು: ಗುರಿಯು ಪಾಠದ ಹೆಸರಾಗಿರದೆ, ಮಗುವು ಮಾಡಿ ತೋರಿಸಬೇಕಾದ ಕೆಲಸವಾಗಿರಬೇಕು. ‘ಭಿನ್ನರಾಶಿ ಪಾಠ’ ಎಂದು ಬರೆಯುವ ಬದಲು ‘ಮೂರನೇ ಒಂದು ಭಾಗ ಮತ್ತು ನಾಲ್ಕನೇ ಒಂದು ಭಾಗಗಳಲ್ಲಿ ಯಾವುದು ದೊಡ್ಡದೆಂದು ಕಾರಣಸಹಿತ ಹೇಳುವುದು’ ಎಂದು ಬರೆಯಬೇಕು.

ಹಂತ 2. ಪೂರ್ವಜ್ಞಾನವನ್ನು ಪಟ್ಟಿಮಾಡುವುದು: ಈ ಗುರಿಯನ್ನು ತಲುಪಲು ಮೊದಲು ಏನು ಬರಬೇಕೆಂದು ಹಿಂದಕ್ಕೆ ಹೋಗುತ್ತಾ ಬರೆಯಬೇಕು. ಭಿನ್ನರಾಶಿಗಳ ಹೋಲಿಕೆಗೆ ಅರ್ಧ, ಕಾಲು, ಮುಕ್ಕಾಲುಗಳ ಅರಿವು ಬೇಕು. ಅದಕ್ಕೆ ಸಮಪಾಲು ಮಾಡುವುದು ತಿಳಿದಿರಬೇಕು. ಅದಕ್ಕೆ ಎಣಿಕೆ ಮತ್ತು ಗುಂಪು ಮಾಡುವಿಕೆ ಬೇಕು.

ಹಂತ 3. ಕವಲುಗಳನ್ನು ಗುರುತಿಸುವುದು: ಎಲ್ಲ ಹಂತಗಳೂ ಒಂದರ ಮೇಲೊಂದು ನಿಂತಿರುವುದಿಲ್ಲ. ದಶಕವನ್ನು ಬಿಡಿಸಿ ಕಳೆಯುವ ಲೆಕ್ಕ ಬಾರದ ಮಗುವು ಸಮಪಾಲು ಮಾಡುವುದನ್ನು ಕಲಿಯಬಲ್ಲದು. ಇವೆರಡನ್ನೂ ಒಂದೇ ಸರಪಳಿಯಲ್ಲಿ ಬಿಗಿದರೆ, ಕಳೆಯುವ ಲೆಕ್ಕದಲ್ಲಿ ನಿಂತ ಮಗುವಿಗೆ ಭಿನ್ನರಾಶಿಯ ಬಾಗಿಲು ಅಕಾರಣವಾಗಿ ಮುಚ್ಚಿಹೋಗುತ್ತದೆ. ನಿಜವಾಗಿ ಅಗತ್ಯವಿರುವ ಪೂರ್ವಜ್ಞಾನವನ್ನು ಮಾತ್ರ ಷರತ್ತಾಗಿ ಇಡಬೇಕು.

ಹಂತ 4. ನೈದಾನಿಕ ಪ್ರಶ್ನೆಗಳನ್ನು ಸಿದ್ಧಪಡಿಸುವುದು: ಉತ್ತರ ಸರಿಯೇ ತಪ್ಪೇ ಎಂಬುದರ ಜೊತೆಗೆ, ತಪ್ಪಾದಲ್ಲಿ ಏಕೆ ತಪ್ಪಾಯಿತೆಂಬುದನ್ನೂ ಪ್ರಶ್ನೆಯು ತೋರಿಸಬೇಕು. 52ರಲ್ಲಿ 27ನ್ನು ಕಳೆದು 35 ಎಂದು ಬರೆದ ಮಗುವು ಎಣಿಕೆಯಲ್ಲಿ ತಪ್ಪಿಲ್ಲ. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಮುನ್ನೂರ ನಾಲ್ಕನ್ನು 3004 ಎಂದು ಬರೆದ ಮಗುವಿಗೆ ಸ್ಥಾನಬೆಲೆಯನ್ನು ಬೋಧಿಸಬೇಕು. ಇಬ್ಬರಿಗೂ ಸೊನ್ನೆ ಅಂಕ ನೀಡುವುದರಿಂದ ಈ ವ್ಯತ್ಯಾಸವು ತಿಳಿಯುವುದಿಲ್ಲ. ಶಾಲಾ ವರ್ಷದ ಆರಂಭದ ಸೇತುಬಂಧ ಅವಧಿಯು ಇಂತಹ ಪ್ರಶ್ನೆಗಳಿಗೆ ಸೂಕ್ತ ಸಮಯ.

ಹಂತ 5. ಮುಂದುವರಿಯುವ ಷರತ್ತನ್ನು ನಿಗದಿಪಡಿಸುವುದು: ಉದಾಹರಣೆಗೆ, ಐದು ಪ್ರಶ್ನೆಗಳಲ್ಲಿ ನಾಲ್ಕು ಸರಿಯಾದಲ್ಲಿ ಮುಂದಿನ ಮೆಟ್ಟಿಲು ತೆರೆಯುವುದು ಎಂದು ನಿಗದಿಪಡಿಸಬಹುದು. ಎರಡು ಬಾರಿ ಪ್ರಯತ್ನಿಸಿಯೂ ಸಾಧ್ಯವಾಗದಿದ್ದಲ್ಲಿ ಮಗುವನ್ನು ಅದೇ ಪಾಠಕ್ಕೆ ಮೂರನೆಯ ಬಾರಿ ಕಳುಹಿಸದೆ, ಶಿಕ್ಷಕರ ಬಳಿಗೆ ಕಳುಹಿಸುವ ವ್ಯವಸ್ಥೆ ಇರಬೇಕು.

ಹಂತ 6. ಪುನರವಲೋಕನ: ಹದಿನೈದು ದಿನಗಳಿಗೊಮ್ಮೆ ಶಿಕ್ಷಕರು ದಾಖಲೆಯನ್ನು ನೋಡಬೇಕು. ಹಲವು ಮಕ್ಕಳು ಒಂದೇ ಮೆಟ್ಟಿಲಿನಲ್ಲಿ ನಿಂತಿದ್ದರೆ, ಎರಡು ಮೆಟ್ಟಿಲುಗಳ ನಡುವೆ ಇನ್ನೊಂದು ಮೆಟ್ಟಿಲು ಬೇಕೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

5. ಬಹುಭಾಷಾ ಪ್ರದೇಶದಲ್ಲಿ ಗಮನಿಸಬೇಕಾದ ಅಂಶಗಳು

ಲಿಂಗರಾಜಪುರದ ಮನೆಗಳಲ್ಲಿ ಕನ್ನಡದ ಜೊತೆಗೆ ತಮಿಳು, ಉರ್ದು, ತೆಲುಗು ಮತ್ತು ಮಲಯಾಳ ಭಾಷೆಗಳು ಬಳಕೆಯಲ್ಲಿವೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಅನ್ವಯ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಬೇಕಾಗಿರುವುದರಿಂದ, ಕನ್ನಡ ಓದುಬರಹದ ಪಥವು ಈ ಎಲ್ಲ ಮಕ್ಕಳಿಗೂ ಅಗತ್ಯ. ಆದರೆ ಎಲ್ಲರ ಆರಂಭಸ್ಥಾನ ಒಂದೇ ಅಲ್ಲ.

ತೆಲುಗು ಲಿಪಿ ಬಲ್ಲ ಮಗುವಿಗೆ ಕನ್ನಡದ ಅನೇಕ ಅಕ್ಷರಗಳ ಆಕಾರವು ಮೊದಲೇ ಪರಿಚಿತ. ಅಂತಹ ಮಗುವು ಅಕ್ಷರದ ಮೆಟ್ಟಿಲುಗಳನ್ನು ಶೀಘ್ರವಾಗಿ ದಾಟಿ ಪದ, ವಾಕ್ಯಗಳಿಗೆ ಹೋಗಬಹುದು. ತಮಿಳು ಲಿಪಿಯಲ್ಲಿ ಕ ಮತ್ತು ಗ ಧ್ವನಿಗಳಿಗೆ ಒಂದೇ ಅಕ್ಷರವಿದೆ. ತ ಮತ್ತು ದ, ಪ ಮತ್ತು ಬ ಧ್ವನಿಗಳ ವಿಷಯದಲ್ಲಿಯೂ ಹಾಗೆಯೇ. ಆದ್ದರಿಂದ ತಮಿಳು ಓದಲು ಕಲಿತ ಮಗುವು ಕನ್ನಡದಲ್ಲಿ ‘ಗಡಿ’ ಎಂಬುದನ್ನು ‘ಕಡಿ’ ಎಂದು ಬರೆದಲ್ಲಿ ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ಆ ಜೋಡಿಗಳಿಗೆಂದೇ ಒಂದು ಪ್ರತ್ಯೇಕ ಮೆಟ್ಟಿಲನ್ನು ಪಥದಲ್ಲಿ ಸೇರಿಸಬೇಕು. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವುದರಿಂದ, ಉರ್ದು ಕಲಿತ ಮಗುವಿಗೆ ಎಡದಿಂದ ಬಲಕ್ಕೆ ಓದುವ ಅಭ್ಯಾಸವನ್ನು ಮೊದಲು ಮಾಡಿಸಬೇಕಾಗಬಹುದು.

ಗಣಿತ ಹಾಗೂ ಪರಿಸರ ಅಧ್ಯಯನದ ಪಥವನ್ನು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿಯೇ ಆರಂಭಿಸಬೇಕು. ಲೆಕ್ಕವು ಬಾರದಿರುವುದು ಬೇರೆ, ಪ್ರಶ್ನೆಯ ಭಾಷೆ ತಿಳಿಯದಿರುವುದು ಬೇರೆ. ನೈದಾನಿಕ ಪ್ರಶ್ನೆಯನ್ನು ಒಮ್ಮೆ ಮನೆಮಾತಿನಲ್ಲಿ ಬಾಯಿಮಾತಿನಿಂದ ಕೇಳಿ ನೋಡಿದರೆ ಈ ವ್ಯತ್ಯಾಸವು ಹೊರಬೀಳುತ್ತದೆ.

6. ತಂತ್ರಾಂಶದಲ್ಲಿ ಅಳವಡಿಸುವ ವಿಧಾನ

6.1 ದೀಕ್ಷಾ: ಈ ವೇದಿಕೆಯನ್ನು ಜಾಲತಾಣದಲ್ಲಿಯೂ ಮೊಬೈಲ್ ತಂತ್ರಾಂಶದಲ್ಲಿಯೂ ಬಳಸಬಹುದು. ಮೊದಲಿಗೆ ಮಂಡಳಿ, ಮಾಧ್ಯಮ ಮತ್ತು ತರಗತಿಗಳನ್ನು ಆಯ್ಕೆ ಮಾಡಬೇಕು. ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದಲ್ಲಿ, ಅಥವಾ ಅದರ ಕೆಳಗೆ ಮುದ್ರಿಸಿರುವ ಆರು ಅಕ್ಷರಗಳ ಸಂಕೇತವನ್ನು ಬೆರಳಚ್ಚಿಸಿದಲ್ಲಿ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಹಿಂದುಳಿದ ಮಗುವಿಗಾಗಿ ಕೆಳಗಿನ ತರಗತಿಯ ಪುಸ್ತಕದ ಸಂಕೇತವನ್ನು ಬಳಸಲು ಯಾವ ಅಡ್ಡಿಯೂ ಇಲ್ಲ. 5ನೇ ತರಗತಿಯ ಮಗುವು 3ನೇ ತರಗತಿಯ ಸಾಮಗ್ರಿಯನ್ನು ತೆರೆಯಬಹುದು. ಶಿಕ್ಷಕರು ಬೇಕಾದ ಸಂಕೇತಗಳನ್ನು ಕ್ರಮವಾಗಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಲ್ಲಿ, ಆ ಹಾಳೆಯೇ ಸರಳವಾದ ಕಲಿಕಾ ಪಥವಾಗುತ್ತದೆ. ಮೊಬೈಲ್ ತಂತ್ರಾಂಶದಲ್ಲಿ ಸಾಮಗ್ರಿಯನ್ನು ಇಳಿಸಿಕೊಂಡು ಅಂತರಜಾಲವಿಲ್ಲದೆಯೂ ನೋಡಬಹುದು.

6.2 ಮೂಡಲ್: 2002ರಲ್ಲಿ ಮೊದಲು ಬಿಡುಗಡೆಯಾದ ಈ ತಂತ್ರಾಂಶವು ಮುಕ್ತ ತಂತ್ರಾಂಶವಾಗಿದ್ದು, ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಶಾಲೆಯ ಒಂದು ಗಣಕಯಂತ್ರದಲ್ಲಿ ಸ್ಥಾಪಿಸಿ, ಅಂತರಜಾಲವಿಲ್ಲದೆ ಸ್ಥಳೀಯ ಜಾಲದಲ್ಲಿಯೇ ಇತರ ಗಣಕಯಂತ್ರಗಳಿಗೆ ಒದಗಿಸಬಹುದು. ಪಥವನ್ನು ರೂಪಿಸಲು ಇದರಲ್ಲಿ ಎರಡು ಸೌಲಭ್ಯಗಳು ಮುಖ್ಯ.

ಮೊದಲನೆಯದು ಚಟುವಟಿಕೆಯ ಪೂರ್ಣಗೊಳಿಕೆಯನ್ನು ಗುರುತಿಸುವ ಸೌಲಭ್ಯ. ಮಗುವು ಪಾಠವನ್ನು ತೆರೆದು ನೋಡಿದೊಡನೆ ‘ಪೂರ್ಣ’ ಎಂದು ಗುರುತಿಸಬೇಕೇ, ಅಥವಾ ಪರೀಕ್ಷೆಯಲ್ಲಿ ನಿಗದಿತ ಅಂಕ ಪಡೆದ ನಂತರವೇ ಗುರುತಿಸಬೇಕೇ ಎಂಬುದನ್ನು ಶಿಕ್ಷಕರು ಆಯ್ಕೆ ಮಾಡಬಹುದು. ಎರಡನೆಯದನ್ನೇ ಆಯ್ಕೆ ಮಾಡುವುದು ಉತ್ತಮ. ಎರಡನೆಯ ಸೌಲಭ್ಯವು ಪ್ರವೇಶ ನಿರ್ಬಂಧ. ಹಿಂದಿನ ಚಟುವಟಿಕೆ ಪೂರ್ಣಗೊಂಡರೆ ಮಾತ್ರ, ನಿಗದಿತ ಅಂಕ ಬಂದರೆ ಮಾತ್ರ, ಅಥವಾ ನಿರ್ದಿಷ್ಟ ಗುಂಪಿಗೆ ಸೇರಿದ್ದರೆ ಮಾತ್ರ ಮುಂದಿನ ಚಟುವಟಿಕೆ ತೆರೆಯುವಂತೆ ಮಾಡಬಹುದು. ದಿನಾಂಕದ ನಿರ್ಬಂಧವೂ ಲಭ್ಯವಿದೆ. ಆದರೆ ಗೈರುಹಾಜರಾದ ಮಗುವಿಗೆ ಅದು ಬಾಗಿಲು ಮುಚ್ಚುವುದರಿಂದ, ಕಲಿಕಾ ಪಥದಲ್ಲಿ ಅದನ್ನು ಬಳಸದಿರುವುದು ಲೇಸು.

6.3 ನೋಡುವುದು ಮತ್ತು ಕಲಿಯುವುದು: ಅನೇಕ ತಂತ್ರಾಂಶಗಳು ತೋರಿಸುವ ಶೇಕಡಾವಾರು ಪ್ರಗತಿಯು, ಮಗುವು ಎಷ್ಟು ಸಾಮಗ್ರಿಯನ್ನು ತೆರೆದು ನೋಡಿದೆ ಎಂಬುದರ ಲೆಕ್ಕ ಮಾತ್ರವಾಗಿರುತ್ತದೆ. ನೂರಕ್ಕೆ ನೂರು ಎಂದು ತೋರಿಸಿದರೂ ಕಲಿಕೆಯಾಗಿರದೆ ಇರಬಹುದು. ಪೋಷಕರು ಶಾಲೆಯಲ್ಲಿ ‘ಎಷ್ಟು ಪಾಠ ಮುಗಿದಿದೆ’ ಎಂದು ಕೇಳುವುದರ ಬದಲು, ‘ಮಗು ಈಗ ಯಾವ ಮೆಟ್ಟಿಲಿನಲ್ಲಿದೆ, ಮುಂದಿನದು ಯಾವುದು, ಅದಕ್ಕೆ ಏನು ಬಾಕಿ ಇದೆ’ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು.

7. ನಿದರ್ಶನ

ವಿಷಯದ ಸ್ಪಷ್ಟತೆಗಾಗಿ ಒಂದು ಕಲ್ಪಿತ ನಿದರ್ಶನವನ್ನು ಇಲ್ಲಿ ನೀಡಲಾಗಿದೆ. ಕಟ್ಟಡ ಕೆಲಸಕ್ಕಾಗಿ ರಾಯಚೂರು ಜಿಲ್ಲೆಯಿಂದ ಬಂದ ದಂಪತಿಗಳು ನವೆಂಬರ್ ತಿಂಗಳಿನಲ್ಲಿ ತಮ್ಮ ಹತ್ತು ವರ್ಷದ ಮಗಳನ್ನು ಲಿಂಗರಾಜಪುರದ ಸಮೀಪದ ಸರ್ಕಾರಿ ಶಾಲೆಗೆ ಕರೆತರುತ್ತಾರೆ. ಬಾಲಕಿಯು 3ನೇ ತರಗತಿಯ ನಂತರ ಶಾಲೆಗೆ ಹೋಗಿಲ್ಲ. ತಂಗಿಯನ್ನು ನೋಡಿಕೊಂಡು ಮನೆಯಲ್ಲಿದ್ದಾಳೆ. ವಯಸ್ಸಿನ ಆಧಾರದ ಮೇಲೆ ಆಕೆಯನ್ನು 5ನೇ ತರಗತಿಗೆ ದಾಖಲಿಸಿಕೊಳ್ಳಲಾಗುತ್ತದೆ. ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆಯುತ್ತಿದೆ.

ಭಿನ್ನರಾಶಿಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು ಕೇಳಿದರೆ ಆಕೆ ಮೌನವಾಗಿರುತ್ತಾಳೆ. ಈ ಮೌನವನ್ನು ‘ಏನೂ ಬಾರದು’ ಎಂದು ದಾಖಲಿಸಿ 1ನೇ ತರಗತಿಯ ಎಣಿಕೆಯಿಂದ ಆರಂಭಿಸಿದಲ್ಲಿ ಎರಡು ವರ್ಷಗಳ ಕಾಲ ವ್ಯರ್ಥವಾಗುತ್ತದೆ, ಚಿಕ್ಕ ಮಕ್ಕಳ ಪಾಠದಿಂದ ಆಕೆಗೆ ಸಂಕೋಚವೂ ಆಗುತ್ತದೆ. ಅದರ ಬದಲು ಶಿಕ್ಷಕಿಯು ನೈದಾನಿಕ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾರೆ. ಮೂರಂಕಿಯ ಸಂಖ್ಯೆಗಳನ್ನು ಆಕೆ ಸರಿಯಾಗಿ ಬರೆಯುತ್ತಾಳೆ. 52ರಲ್ಲಿ 27ನ್ನು ಕಳೆದು 35 ಎನ್ನುತ್ತಾಳೆ. ಹನ್ನೆರಡು ಕಡಲೆಕಾಯಿಗಳನ್ನು ನಾಲ್ವರಿಗೆ ಸಮನಾಗಿ ಹಂಚಲು ಹೇಳಿದರೆ ತಡವಿಲ್ಲದೆ ಹಂಚುತ್ತಾಳೆ. ಅಂಗಡಿಯಿಂದ ಕಾಲು ಕೆಜಿ ಬೇಳೆ ತಂದು ಅಭ್ಯಾಸವಿರುವುದರಿಂದ, ಕಾಲು ಕೆಜಿ ಎಂದರೆ 250 ಗ್ರಾಂ ಎಂದೂ ಅದು ಅರ್ಧ ಕೆಜಿಗಿಂತ ಕಡಿಮೆ ಎಂದೂ ಹೇಳುತ್ತಾಳೆ.

ಇದರಿಂದ ಆಕೆಯ ಪಥವು ಹೀಗೆ ನಿಗದಿಯಾಗುತ್ತದೆ.

ಗಣಿತದ ಮೊದಲ ಕವಲು: ಸ್ಥಾನಬೆಲೆ – ತಿಳಿದಿದೆ. ದಶಕ ಬಿಡಿಸಿ ಕಳೆಯುವುದು – ಇಲ್ಲಿಂದ ಆರಂಭ.

ಗಣಿತದ ಎರಡನೆಯ ಕವಲು: ಸಮಪಾಲು – ತಿಳಿದಿದೆ. ಅರ್ಧ, ಕಾಲು, ಮುಕ್ಕಾಲು – ಬಾಯಿಮಾತಿನಲ್ಲಿ ತಿಳಿದಿದೆ. ಅವುಗಳನ್ನು ಅಂಶ ಮತ್ತು ಛೇದಗಳಾಗಿ ಬರೆಯುವುದು – ಇಲ್ಲಿಂದ ಆರಂಭ. ಛೇದವು ದೊಡ್ಡದಾದಂತೆ ಪಾಲು ಚಿಕ್ಕದಾಗುವುದು – ಮುಂದಿನ ಮೆಟ್ಟಿಲು.

ಎರಡನೆಯ ಕವಲಿನಲ್ಲಿ ಆಕೆಯು ತನ್ನ ತರಗತಿಯ ಪಾಠಕ್ಕೆ ಕೇವಲ ಎರಡು ಮೆಟ್ಟಿಲುಗಳಷ್ಟು ದೂರದಲ್ಲಿದ್ದಾಳೆ. ಬೆಳಗಿನ ಅವಧಿಯಲ್ಲಿ ಸಹಪಾಠಿಗಳೊಂದಿಗೆ ಕುಳಿತು, ನಿಗದಿತ ವೇಳೆಯಲ್ಲಿ ಗಣಕಯಂತ್ರದ ಕೊಠಡಿಯಲ್ಲಿ ತನ್ನ ಮೆಟ್ಟಿಲಿನ ಅಭ್ಯಾಸ ಮಾಡುತ್ತಾಳೆ. ದಶಕ ಬಿಡಿಸಿ ಕಳೆಯುವುದನ್ನು ಮಾತ್ರ ಶಿಕ್ಷಕಿಯು ಕಡ್ಡಿಗಳ ಕಟ್ಟು ಬಿಡಿಸಿ ತೋರಿಸಿಯೇ ಕಲಿಸಬೇಕಾಗುತ್ತದೆ. ಎಲ್ಲಿ ನಿಂತಿದ್ದಾಳೆಂಬುದನ್ನು ತಂತ್ರಾಂಶವು ನೆನಪಿಟ್ಟುಕೊಳ್ಳುತ್ತದೆ. ಏಕೆ ನಿಂತಿದ್ದಾಳೆಂಬುದನ್ನು ಶಿಕ್ಷಕಿಯೇ ಕಂಡುಕೊಳ್ಳಬೇಕು.

ಮೂರು ತಿಂಗಳ ನಂತರ ಕೆಲಸ ಮುಗಿದು ಕುಟುಂಬವು ಬೇರೆಡೆಗೆ ಹೊರಟಲ್ಲಿ, ವರ್ಗಾವಣೆ ಪ್ರಮಾಣಪತ್ರದ ಜೊತೆಗೆ ಈ ಮೆಟ್ಟಿಲುಗಳ ಪಟ್ಟಿಯ ಪ್ರತಿಯೊಂದನ್ನು ಕೇಳಿ ಪಡೆಯಬೇಕು. ವಿದ್ಯಾರ್ಥಿ ಸಾಧನೆಯ ದಾಖಲೆಗಾಗಿ ರಾಜ್ಯದಲ್ಲಿ ಬಳಸಲಾಗುವ ಸ್ಯಾಟ್ಸ್ ಸಂಖ್ಯೆಯು ಮಗುವಿನೊಂದಿಗೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಆದರೆ ದಶಕ ಬಿಡಿಸುವುದು ಬಂದಿತೇ ಇಲ್ಲವೇ ಎಂಬ ವಿವರವು ಶಿಕ್ಷಕಿಯ ಪಟ್ಟಿಯಲ್ಲಿರುತ್ತದೆ. ಆ ಒಂದು ಹಾಳೆ ಕೈಯಲ್ಲಿದ್ದರೆ ಮುಂದಿನ ಶಾಲೆಯಲ್ಲಿ ಬಾಲಕಿಯು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

8. ಶಾಲೆಗೆ ಮನವಿ ಸಲ್ಲಿಸುವ ವಿಧಾನ

ಅ) ಮನವಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಮುಖ್ಯ ಶಿಕ್ಷಕರಿಗೆ ಸಲ್ಲಿಸಬಹುದು. ಬರೆಯಲು ಬಾರದ ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ನೆರವು ಪಡೆಯಬಹುದು.

ಆ) ಮನವಿಯಲ್ಲಿ ಇರಬೇಕಾದ ವಿವರಗಳು: ಮಗುವಿನ ಹೆಸರು, ವಯಸ್ಸು ಮತ್ತು ತರಗತಿ, ಮನೆಮಾತು ಹಾಗೂ ಹಿಂದೆ ಓದಿದ ಮಾಧ್ಯಮ, ಶಾಲೆಗೆ ಹೋಗದಿದ್ದ ಅವಧಿ, ಮನೆಯಲ್ಲಿ ಮೊಬೈಲ್ ದೂರವಾಣಿ ಇದೆಯೇ, ಇದ್ದಲ್ಲಿ ಯಾವ ವೇಳೆಯಲ್ಲಿ ಮಗುವಿಗೆ ದೊರೆಯುತ್ತದೆ ಎಂಬುದು.

ಇ) ಮನವಿಯಲ್ಲಿ ಕೋರಬೇಕಾದ ಅಂಶಗಳು: ನೈದಾನಿಕ ಪರೀಕ್ಷೆ ನಡೆಸುವುದು, ಅದರ ಫಲಿತಾಂಶವನ್ನು ಪೋಷಕರಿಗೆ ವಿವರಿಸುವುದು, ಕಲಿಕಾ ಪಥದ ಪ್ರತಿಯನ್ನು ನೀಡುವುದು.

ಈ) ಮನವಿಗೆ ದಿನಾಂಕ ಹಾಕಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು.

ಉ) ಶಾಲೆಯ ಹಂತದಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಗಳನ್ನು, ಅನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಭೇಟಿ ಮಾಡಬಹುದು. ಅಧಿನಿಯಮದ ಪ್ರಕರಣ 32ರ ಅನ್ವಯ ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ನೀಡಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನವು ಸಮಾಧಾನಕರವಾಗಿಲ್ಲದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

9. ಮಗುವಿನ ಮಾಹಿತಿಯ ಸಂರಕ್ಷಣೆ

ಕಲಿಕಾ ಪಥದ ದಾಖಲೆಯು ಮಗುವಿನ ವೈಯಕ್ತಿಕ ಮಾಹಿತಿಯಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಪಡೆಯುವ ಬಗ್ಗೆಯೂ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುವ ಬಗ್ಗೆಯೂ ಉಪಬಂಧಗಳಿವೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಅವು ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಯಾಗಿದೆ. ಮಕ್ಕಳ ಅಂಕಗಳ ಪಟ್ಟಿಯನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕದಿರುವುದು, ಗುಪ್ತಪದವನ್ನು ಇತರರಿಗೆ ತಿಳಿಸದಿರುವುದು ಶಾಲೆಯೂ ಪೋಷಕರೂ ಇಂದಿನಿಂದಲೇ ಪಾಲಿಸಬಹುದಾದ ಕ್ರಮಗಳು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆಳಗಿನ ತರಗತಿಯ ಪಾಠವನ್ನು ಕಲಿಯುವ ಮಗುವನ್ನು ಆ ತರಗತಿಗೆ ಇಳಿಸಲಾಗುವುದೇ?
ಉತ್ತರ: ಇಲ್ಲ. ದಾಖಲಾತಿಯು ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಇರುತ್ತದೆ. ಕಲಿಕಾ ಪಥವು ಪೂರಕ ಬೋಧನೆಯ ಕ್ರಮ ಮಾತ್ರ.

ಪ್ರಶ್ನೆ: ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ರಾತ್ರಿ ಎಂಟರ ನಂತರವೇ ಮಗುವಿಗೆ ದೊರೆಯುತ್ತದೆ. ಏನು ಮಾಡಬೇಕು?
ಉತ್ತರ: ಈ ವಿಷಯವನ್ನು ಮನವಿಯಲ್ಲಿಯೇ ತಿಳಿಸಬೇಕು. ತಂತ್ರಾಂಶದ ಅಭ್ಯಾಸವನ್ನು ಶಾಲೆಯಲ್ಲಿ ಮಾಡಿಸಿ, ಮನೆಗೆ ಕಾರ್ಡು ಅಥವಾ ಹಾಳೆಯನ್ನು ನೀಡಬಹುದು. ಮೊಬೈಲ್ ಇಲ್ಲವೆಂಬ ಕಾರಣದಿಂದ ಮಗುವು ಹಿಂದುಳಿಯುವಂತಿದ್ದರೆ ಆ ಪಥದ ರಚನೆಯಲ್ಲಿಯೇ ದೋಷವಿದೆ ಎಂದು ತಿಳಿಯಬೇಕು.

ಪ್ರಶ್ನೆ: ತಮಿಳು ಅಥವಾ ಉರ್ದು ಭಾಷೆಯ ಪಠ್ಯ ದೊರೆಯುವುದೇ?
ಉತ್ತರ: ಕರ್ನಾಟಕ ರಾಜ್ಯದ ಪಠ್ಯಪುಸ್ತಕಗಳು ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತೆಲುಗು, ತಮಿಳು ಮತ್ತು ಹಿಂದಿ ಮಾಧ್ಯಮಗಳಲ್ಲಿ ಪ್ರಕಟವಾಗುತ್ತವೆ. ಮಗುವಿಗೆ ತಿಳಿಯುವ ಭಾಷೆಯ ಪುಸ್ತಕವನ್ನು ಜೊತೆಗಿಟ್ಟುಕೊಂಡು ಓದಿಸಬಹುದು.

ಪ್ರಶ್ನೆ: ಖಾಸಗಿ ಕಂಪನಿಯ ತಂತ್ರಾಂಶವನ್ನು ಹಣ ನೀಡಿ ಕೊಳ್ಳಬೇಕೇ?
ಉತ್ತರ: ಅಗತ್ಯವಿಲ್ಲ. ಕೊಳ್ಳಲು ಇಚ್ಛಿಸುವವರು ಮೊದಲು ಮೂರು ವಿಷಯಗಳನ್ನು ವಿಚಾರಿಸಬೇಕು: ಆರಂಭದಲ್ಲಿ ಮಗುವಿನ ಮಟ್ಟವನ್ನು ಪರೀಕ್ಷಿಸುತ್ತದೆಯೇ, ತಪ್ಪು ಉತ್ತರಕ್ಕೆ ಕಾರಣವನ್ನು ತಿಳಿಸುತ್ತದೆಯೇ, ಚಂದಾ ನಿಲ್ಲಿಸಿದ ನಂತರ ಮಗುವಿನ ದಾಖಲೆಯ ಪ್ರತಿ ದೊರೆಯುತ್ತದೆಯೇ.

ಪ್ರಶ್ನೆ: ಪೋಷಕರಿಗೆ ಓದುಬರಹ ಬಾರದಿದ್ದಲ್ಲಿ ಪ್ರಗತಿಯನ್ನು ತಿಳಿಯುವುದು ಹೇಗೆ?
ಉತ್ತರ: ಮಗುವಿನಿಂದಲೇ ತಿಳಿಯಬಹುದು. ಈ ವಾರ ಕಲಿತದ್ದನ್ನು ಮಾಡಿ ತೋರಿಸಲು ಹೇಳಬೇಕು. ಅಂಗಡಿಯ ಚೀಟಿಯನ್ನು ಓದುವುದು, ಚಿಲ್ಲರೆಯನ್ನು ಲೆಕ್ಕ ಹಾಕುವುದು, ಬಸ್ಸಿನ ಫಲಕವನ್ನು ಓದುವುದು ಪ್ರಗತಿಯ ನಂಬಲರ್ಹ ಗುರುತುಗಳು.

ಸೂಚನೆ: ಈ ಪುಟದಲ್ಲಿರುವ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಸಂಬಂಧಪಟ್ಟ ಅಧಿನಿಯಮ ಮತ್ತು ನಿಯಮಗಳ ಮೂಲಪಾಠವೇ ಅಂತಿಮವಾಗಿರುತ್ತದೆ. ಶಾಲಾ ವರ್ಷದ ಯಾವ ತಿಂಗಳಿನಲ್ಲಿಯಾದರೂ ಮಗುವಿನ ಕಲಿಕಾ ಮಟ್ಟದ ಬಗ್ಗೆ ಮನವಿ ಸಲ್ಲಿಸಬಹುದಾಗಿದ್ದು, ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯದೆ, ಅಂತರವು ಕಂಡುಬಂದ ಕೂಡಲೇ ಶಾಲೆಯನ್ನು ಸಂಪರ್ಕಿಸಲು ಪೋಷಕರನ್ನು ಕೋರಲಾಗಿದೆ.